ಕಾಲೇಜಿನಲ್ಲಿ 800, 1500 ಮೀಟರ್ ಓಡುವವರಿಗೆ: ಟ್ರ್ಯಾಕ್ ಮೇಲಿನ ಎರಡು ಗಂಟೆ, ಹೊರಗಿನ ಇಪ್ಪತ್ತೆರಡು ಗಂಟೆ

ಕಾಲೇಜು ಸೇರಿದ ಮೊದಲ ವಾರ ಪಿ.ಡಿ. (ಫಿಸಿಕಲ್ ಡೈರೆಕ್ಟರ್) ಸರ್ ಎಲ್ಲರನ್ನೂ ಮೈದಾನಕ್ಕೆ ಕರೆದು "ಯಾವ ಇವೆಂಟ್?" ಅಂತ ಕೇಳುತ್ತಾರೆ. ನೂರು, ಇನ್ನೂರು ಅನ್ನುವವರು ಹತ್ತು ಜನ. ಐದು ಸಾವಿರ ಅನ್ನುವವರು ಇಬ್ಬರು. 800 ಮತ್ತು 1500ರ ಜಾಗ ಖಾಲಿ. ಹೈಸ್ಕೂಲಿನಲ್ಲಿ ಒಂದು ಸಲ ಓಡಿದ್ದೆ ಅಂತ ಯಾರಾದರೂ ಬಾಯಿಬಿಟ್ಟರೆ ಅವರ ಹೆಸರು ಅಲ್ಲಿ ಬರೆದುಬಿಡುತ್ತಾರೆ. ನನ್ನ ಹೆಸರೂ ಹಾಗೇ ಸೇರಿತು. ಆಮೇಲೆ ಮೈಸೂರಿನಲ್ಲಿ ಡಿಗ್ರಿ ಮುಗಿಯುವವರೆಗೂ ಆ ಎರಡು ಓಟಗಳೇ ನನ್ನ ಬದುಕಾದವು. ಈಗಲೂ ಬೆಳಗ್ಗೆ ಹುಡುಗ ಹುಡುಗಿಯರ ಜೊತೆ ಮೈದಾನದಲ್ಲಿ ಇರುತ್ತೇನೆ.

ಟ್ರೇನಿಂಗ್ ಶೆಡ್ಯೂಲ್ ಎಲ್ಲಿ ಬೇಕಾದರೂ ಸಿಗುತ್ತದೆ. ಒಂಬತ್ತೂವರೆಗೆ ಕ್ಲಾಸು, ರಾತ್ರಿ ಬೇಗ ಮುಚ್ಚುವ ಮೆಸ್ಸು, ಬುಧವಾರ ಇಂಟರ್ನಲ್ಸು, ಇವುಗಳ ನಡುವೆ ಅದನ್ನು ಎಲ್ಲಿ ಇಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಇದು ಪರೀಕ್ಷೆಯ ದಣಿವು, ಇದು ಟ್ರ್ಯಾಕಿನ ದಣಿವು ಅಂತ ದೇಹ ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ಎಲ್ಲವೂ ಒಂದೇ ಖಾತೆಯಿಂದ ಖರ್ಚಾಗುತ್ತವೆ. ನಾನು ನೋಡಿದ ಒಳ್ಳೆಯ ಓಟಗಾರರು ಸೋತಿದ್ದು ಹೆಚ್ಚಾಗಿ ಇದು ತಿಳಿಯದೇ. ಅದಕ್ಕೇ ಈ ಬರಹದಲ್ಲಿ ಓಟಕ್ಕೆ ಎಷ್ಟು ಜಾಗವೋ ಊಟ, ನಿದ್ದೆ, ಅಟೆಂಡೆನ್ಸಿಗೂ ಅಷ್ಟೇ ಜಾಗ ಕೊಟ್ಟಿದ್ದೇನೆ.

ಹಂತ 1: ಯಾವ ಓಟ ನಿಮ್ಮದು ಅಂತ ಕಂಡುಕೊಳ್ಳಿ

800 ಮೀಟರ್ ಅಂದರೆ ಎರಡು ಲ್ಯಾಪ್. ಮೊದಲ ತಿರುವನ್ನು ನಿಮ್ಮ ಲೇನಿನಲ್ಲೇ ಓಡಬೇಕು. ಆಮೇಲೆ ಟ್ರ್ಯಾಕಿಗೆ ಅಡ್ಡ ಎಳೆದಿರುವ ಬಾಗಿದ ಗೆರೆ ದಾಟಿದ ಮೇಲೆ ಒಳಗೆ ಬರಬಹುದು. 1500 ಅಂದರೆ ಮೂರು ಮುಕ್ಕಾಲು ಲ್ಯಾಪ್. ಮೊದಲು 300 ಮೀಟರ್, ನಂತರ ಮೂರು ಪೂರ್ತಿ ಸುತ್ತು. 1100 ಮೀಟರ್ ಮುಗಿದಾಗ ಕೊನೆಯ ಸುತ್ತಿನ ಗಂಟೆ ಹೊಡೆಯುತ್ತಾರೆ.

800 ನೋಡಲು ಸ್ಪ್ರಿಂಟಿನ ಹಾಗೆ ಕಾಣುತ್ತದೆ. ಆದರೆ ಅದಕ್ಕೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಉಸಿರಾಟದಿಂದ, ಅಂದರೆ ಆಮ್ಲಜನಕದಿಂದ. 1500ರಲ್ಲಿ ಆ ಪಾಲು ಇನ್ನೂ ಜಾಸ್ತಿ. ಅದಕ್ಕೇ ಬರೀ 400ರ ವೇಗ ಇಟ್ಟುಕೊಂಡು ಬಂದವರು ಕೊನೆಯ 150 ಮೀಟರಿನಲ್ಲಿ ಕಲ್ಲಾಗಿ ನಿಲ್ಲುತ್ತಾರೆ.

ಒಂದು ವಾರ ಬಿಡುವು ಮಾಡಿಕೊಂಡು ಎರಡು ಪರೀಕ್ಷೆ ಓಟ ಓಡಿ. ಒಂದು ದಿನ 400. ಮೂರ್ನಾಲ್ಕು ದಿನ ಬಿಟ್ಟು 3000. ಗುಂಪಿನಲ್ಲಿ 400ರಲ್ಲಿ ಮುಂದಿದ್ದು 3000ದಲ್ಲಿ ಹಿಂದುಳಿದರೆ 800 ಮುಖ್ಯ ಇವೆಂಟ್ ಆಗಲಿ. ಉಲ್ಟಾ ಆದರೆ 1500. ಮೊದಲ ವರ್ಷ ಎರಡನ್ನೂ ಓಡಿ. ಹದಿನೆಂಟರ ವಯಸ್ಸಿನಲ್ಲಿ ಒಂದನ್ನು ಕೈಬಿಡುವ ಅವಸರ ಬೇಡ.

ಹಂತ 2: ತಾರೀಕಿನಿಂದ ಹಿಂದಕ್ಕೆ ಎಣಿಸಿ

ಪಿ.ಡಿ. ಸರ್ ಹತ್ತಿರ ಹೋಗಿ ಮೂರು ತಾರೀಕು ಬರೆದುಕೊಳ್ಳಿ: ಕಾಲೇಜಿನ ಕ್ರೀಡಾಕೂಟ, ಅಂತರ ಕಾಲೇಜು ಕೂಟ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ. ಕೊನೆಯದು ಹೆಚ್ಚಾಗಿ ಡಿಸೆಂಬರ್, ಜನವರಿ ಸುಮಾರಿಗೆ ಬರುತ್ತದೆ. 2020ರಲ್ಲಿ ಅದು ಮೂಡುಬಿದಿರೆಯಲ್ಲಿ ನಡೆದದ್ದು ಜನವರಿ ಮೊದಲ ವಾರದಲ್ಲೇ. ತಾಲ್ಲೂಕಿನಿಂದ ಶುರುವಾಗಿ ರಾಜ್ಯಮಟ್ಟಕ್ಕೆ ಮೈಸೂರಿಗೆ ಬರುವ ದಸರಾ ಕ್ರೀಡಾಕೂಟವನ್ನೂ ಪಟ್ಟಿಗೆ ಸೇರಿಸಿ. ಅಭ್ಯಾಸದ ಓಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಈಗ ಅದೇ ಹಾಳೆಯಲ್ಲಿ ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ಸೆಮಿಸ್ಟರ್ ಪರೀಕ್ಷೆಗಳನ್ನೂ ಬರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಮಾಡಿದ ದಿನವೇ ಎಲ್ಲಿ ಡಿಕ್ಕಿ ಹೊಡೆಯುತ್ತದೆ ಅಂತ ಕಾಣುತ್ತದೆ.

ಮುಖ್ಯ ಕೂಟದಿಂದ ಹಿಂದಕ್ಕೆ ಇಪ್ಪತ್ತು ವಾರ ಎಣಿಸಿ. ಮೊದಲ ಹನ್ನೆರಡು ವಾರ ಅಡಿಪಾಯ. ಮುಂದಿನ ಆರು ವಾರ ಟ್ರ್ಯಾಕ್. ಕೊನೆಯ ಎರಡು ವಾರ ಕೆಲಸ ಕಡಿಮೆ ಮಾಡಿ ಕಾಲು ಹಗುರ ಮಾಡಿಕೊಳ್ಳುವುದು. ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಓಟವನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಅರ್ಧ ಗಂಟೆ ನಿಧಾನ ಓಡಿದರೆ ಸಾಕು, ತಲೆಯೂ ಚೆನ್ನಾಗಿ ಓಡುತ್ತದೆ.

ಹಂತ 3: ಅಡಿಪಾಯ ಹಾಕಿ, ನಿಧಾನವಾಗಿ

ಈ ಹನ್ನೆರಡು ವಾರ ಟ್ರ್ಯಾಕಿಗೆ ಹೋಗಲೇಬೇಕು ಅಂತಿಲ್ಲ. ಮಣ್ಣಿನ ದಾರಿ, ಕೆರೆ ಏರಿ, ಹುಲ್ಲಿನ ಮೈದಾನ ಒಳ್ಳೆಯವು. ನಾವು ಕುಕ್ಕರಹಳ್ಳಿ ಕೆರೆಯ ಸುತ್ತ ಓಡುತ್ತಿದ್ದೆವು. ಕರಾವಳಿ, ಮಲೆನಾಡಿನಲ್ಲಿ ಈ ಹೊತ್ತಿಗೆ ಸರಿಯಾಗಿ ಮಳೆ ಹಿಡಿದಿರುತ್ತದೆ. ಜಾರುವ ಮಣ್ಣಿಗಿಂತ ಡಾಂಬರು ರಸ್ತೆಯ ಅಂಚೇ ವಾಸಿ. ಒದ್ದೆ ಶೂಗೆ ಹಳೇ ಪೇಪರ್ ತುರುಕಿಟ್ಟರೆ ಬೆಳಗ್ಗೆ ಹೊತ್ತಿಗೆ ಒಣಗುತ್ತದೆ.

ಹೊಸಬರು ವಾರಕ್ಕೆ 25–30 ಕಿ.ಮೀ.ಯಿಂದ ಶುರು ಮಾಡಿ. ಒಂದೆರಡು ವಾರಕ್ಕೊಮ್ಮೆ ನಾಲ್ಕೈದು ಕಿ.ಮೀ. ಸೇರಿಸಿ. ನಾಲ್ಕನೇ ವಾರ ಸ್ವಲ್ಪ ಇಳಿಸಿ. ಹೀಗೆ 45–50 ಕಿ.ಮೀ. ತಲುಪಿದರೆ ಡಿಗ್ರಿ ಓದುವವರಿಗೆ ಸಾಕಷ್ಟಾಯಿತು.

ಇನ್ನು ವೇಗ. ಹೆಚ್ಚಿನವರು ಹಾಳಾಗುವುದು ಇಲ್ಲಿಯೇ. ನಿಧಾನ ಓಟ ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. 800 ಮೀಟರನ್ನು 2:05ರಲ್ಲಿ ಓಡುವ ಹುಡುಗನಿಗೆ ಅದು ಕಿಲೋಮೀಟರಿಗೆ 5 ನಿಮಿಷದಿಂದ 5:30ರ ಆಸುಪಾಸು. ಗುಂಪಿನಲ್ಲಿ ಓಡುವಾಗ ಒಬ್ಬ ಅರ್ಧ ಹೆಜ್ಜೆ ಮುಂದೆ ಹೋಗುತ್ತಾನೆ. ಇನ್ನೊಬ್ಬ ಅವನನ್ನು ಹಿಡಿಯುತ್ತಾನೆ. ಮೂರನೇ ಕಿ.ಮೀ. ಹೊತ್ತಿಗೆ ಎಲ್ಲರೂ ರೇಸ್ ಓಡುತ್ತಿರುತ್ತಾರೆ. ಸಂಜೆ ಲೈಬ್ರರಿಯಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗುತ್ತಾರೆ. ಮಂಗಳವಾರ ನಿಜವಾಗಿ ಜೋರಾಗಿ ಓಡಬೇಕಾದಾಗ ಕಾಲು ಏಳುವುದಿಲ್ಲ. ನಿಧಾನದ ದಿನ ನಿಮ್ಮನ್ನು ಯಾರಾದರೂ ಹಿಂದಿಕ್ಕಿ ಹೋದರೆ ಹೋಗಲಿ ಬಿಡಿ.

ವಾರಕ್ಕೆ ಎರಡು ಸಲ, ನಿಧಾನ ಓಟ ಮುಗಿದ ಮೇಲೆ ಆರು ಸ್ಟ್ರೈಡ್ಸ್ ಹಾಕಿ. ಎಂಬತ್ತು ಮೀಟರ್, ಸಡಿಲ ಭುಜ, ಸರಾಗ ವೇಗ, ನಡೆದು ವಾಪಸ್. ಅಡಿಪಾಯದ ದಿನಗಳಲ್ಲಿ ಕಾಲು ವೇಗ ಮರೆಯದಿರಲು ಇಷ್ಟು ಸಾಕು. ಹತ್ತಿರದಲ್ಲಿ ಗುಡ್ಡ ಇದ್ದರೆ ವಾರಕ್ಕೊಮ್ಮೆ ಎಂಟು ಸಲ 150 ಮೀಟರ್ ಏರು ಓಡಿ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ನಾವು ಹೀಗೆ ಓಡುತ್ತಿದ್ದೆವು. ಮೆಟ್ಟಿಲು ಹತ್ತುವುದು ಚೆಂದದ ವ್ಯಾಯಾಮ. ಆದರೆ ಮೆಟ್ಟಿಲಲ್ಲಿ ಓಡಿ ಇಳಿಯಬೇಡಿ, ಮಂಡಿ ಹೋಗುತ್ತದೆ.

ಹಂತ 4: ವಾರವನ್ನು ಕ್ಲಾಸಿನ ಸುತ್ತ ಹೊಂದಿಸಿ

ನಮ್ಮ ಗುಂಪಿನ ಎರಡನೇ ವರ್ಷದವರ ಒಂದು ಸಾಮಾನ್ಯ ವಾರ ಹೀಗಿತ್ತು:

ಸೋಮವಾರ: 7 ಕಿ.ಮೀ. ನಿಧಾನ, ಸ್ಟ್ರೈಡ್ಸ್.
ಮಂಗಳವಾರ: ಸಂಜೆ ಟ್ರ್ಯಾಕ್, ಉದ್ದದ ತುಂಡುಗಳು (ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓಡುವುದು).
ಬುಧವಾರ: 6 ಕಿ.ಮೀ. ತುಂಬಾ ನಿಧಾನ.
ಗುರುವಾರ: ಇಪ್ಪತ್ತು ನಿಮಿಷ ಟೆಂಪೋ ಅಥವಾ ಗುಡ್ಡ.
ಶುಕ್ರವಾರ: ಪೂರ್ತಿ ರಜೆ.
ಶನಿವಾರ: ಬೆಳಗ್ಗೆ ಟ್ರ್ಯಾಕ್, ವೇಗದ ತುಂಡುಗಳು.
ಭಾನುವಾರ: 12–14 ಕಿ.ಮೀ. ಉದ್ದದ ಓಟ.

ಟೆಂಪೋ ಅಂದರೆ ಒಂದೊಂದು ಪದ ಮಾತ್ರ ಹೇಳಲು ಆಗುವ, ಆದರೆ ಹಿಡಿತದಲ್ಲಿ ಇರುವ ವೇಗ.

ಲ್ಯಾಬ್ ಇರುವ ದಿನ ಕಷ್ಟದ ವರ್ಕೌಟ್ ಇಡಬೇಡಿ. ಮೂರು ಗಂಟೆ ನಿಂತು ಬಂದ ಕಾಲಿಗೆ 400ರ ತುಂಡುಗಳು ಆಗುವುದಿಲ್ಲ. ಇಂಟರ್ನಲ್ಸ್ ಬುಧವಾರ ಇದ್ದರೆ ಮಂಗಳವಾರದ ಟ್ರ್ಯಾಕನ್ನು ಗುರುವಾರಕ್ಕೆ ದೂಡಿ, ಟೆಂಪೋವನ್ನು ಆ ವಾರ ಬಿಟ್ಟುಬಿಡಿ. ಬಿಟ್ಟಿದ್ದನ್ನು ಮುಂದಿನ ವಾರ ಸೇರಿಸಿ ತೀರಿಸಲು ಹೋಗಬೇಡಿ. ಹೋದದ್ದು ಹೋಯಿತು.

ಬುಧವಾರ ಮತ್ತು ಶನಿವಾರ ಓಟ ಮುಗಿದ ಮೇಲೆ ಇಪ್ಪತ್ತು ನಿಮಿಷ ಬಲದ ಕೆಲಸ ಇರಲಿ: ಬಸ್ಕಿ, ಲಂಜ್, ಪ್ಲ್ಯಾಂಕ್, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಕೊನೆಯದನ್ನು ಹಲ್ಲುಜ್ಜುವಾಗಲೂ ಮಾಡಬಹುದು.

ಹಂತ 5: ಟ್ರ್ಯಾಕಿನ ದಿನ

ಹತ್ತು ನಿಮಿಷ ಜಾಗ್, ಹತ್ತು ನಿಮಿಷ ಡ್ರಿಲ್ಸ್ (ಮಂಡಿ ಎತ್ತಿ ಓಡುವಂಥ ಕಸರತ್ತು), ನಾಲ್ಕು ಸ್ಟ್ರೈಡ್ಸ್. ಇದಿಲ್ಲದೆ ಶುರು ಮಾಡಬೇಡಿ. ಜಾಗ್ ಮಾಡುವಾಗ ಹೊರಗಿನ ಲೇನಿನಲ್ಲಿ ಇರಿ. ಒಂದನೇ ಲೇನು ಟೈಮಿಗೆ ಓಡುವವರದ್ದು. ಹಿಂದಿನಿಂದ "ಟ್ರ್ಯಾಕ್!" ಅಂತ ಕೂಗು ಕೇಳಿದರೆ ತಿರುಗಿ ನೋಡದೆ ಪಕ್ಕಕ್ಕೆ ಸರಿಯಿರಿ.

2:05 ಓಡುವವರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಂದರೆ ಲ್ಯಾಪಿಗೆ ಸರಾಸರಿ 62.5 ಸೆಕೆಂಡ್. ಇವರ ಮಂಗಳವಾರ: ಐದು ಸಲ 1000 ಮೀಟರ್, ಒಂದೊಂದು 3:25–3:30, ನಡುವೆ ಎರಡು ನಿಮಿಷ. ಶನಿವಾರ: ಐದು ಸಲ 300 ಮೀಟರ್, ಒಂದೊಂದು 46–47 ಸೆಕೆಂಡ್, ನಡುವೆ ಮೂರು ನಿಮಿಷ ನಡಿಗೆ. ರೇಸಿಗೆ ಹತ್ತು ಹನ್ನೆರಡು ದಿನ ಇರುವಾಗ ಒಂದು ದೊಡ್ಡ ಪರೀಕ್ಷೆ: 600 ಮೀಟರ್ ರೇಸ್ ವೇಗದಲ್ಲಿ, ಎಂಟು ನಿಮಿಷ ಬಿಡುವು, ಮತ್ತೆ ಎರಡು 200. ನಿಮ್ಮ ಟೈಮ್ ಬೇರೆ ಇದ್ದರೆ ನಿಮ್ಮ ಲ್ಯಾಪ್ ವೇಗದಿಂದ ಇದೇ ಲೆಕ್ಕ ಹಾಕಿಕೊಳ್ಳಿ.

ಒಂದು ನಿಯಮ ಮಾತ್ರ ಬಿಡಬೇಡಿ: ಕೊನೆಯ ತುಂಡು ಮೊದಲ ತುಂಡಿನಷ್ಟೇ ವೇಗವಾಗಿ, ಅಷ್ಟೇ ನೆಟ್ಟಗೆ ಇರಬೇಕು. ಮೊದಲ 300 ಅನ್ನು 43ರಲ್ಲಿ ಓಡಿ ಕೊನೆಯದನ್ನು 52ರಲ್ಲಿ ಎಳೆದರೆ ನೀವು ಸುಸ್ತಾಗುವುದನ್ನು ಅಭ್ಯಾಸ ಮಾಡಿದ ಹಾಗೆ. ಇನ್ನೂ ಒಂದು ಓಡಬಹುದು ಅನ್ನಿಸುವಾಗ ಶೂ ಬಿಚ್ಚಿ.

ಸ್ಪೈಕ್ಸ್, ಅಂದರೆ ಮೊಳೆ ಇರುವ ಶೂ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಿಂಥೆಟಿಕ್ ಟ್ರ್ಯಾಕಿಗೆ 6 ಮಿ.ಮೀ. ಮೊಳೆ ಸಾಕು, 9 ಮಿ.ಮೀ.ಗಿಂತ ಉದ್ದ ಇರುವಂತಿಲ್ಲ. ಮಣ್ಣಿನ ಟ್ರ್ಯಾಕಿಗೆ ಸ್ವಲ್ಪ ಉದ್ದದ್ದು ಬೇಕು. 2024ರ ನವೆಂಬರಿನಿಂದ ಟ್ರ್ಯಾಕ್ ಓಟದ ಶೂಗಳ ಅಟ್ಟೆಯ ದಪ್ಪ 20 ಮಿ.ಮೀ. ದಾಟುವಂತಿಲ್ಲ. ದಪ್ಪ ಅಟ್ಟೆಯ ರಸ್ತೆ ಓಟದ ಶೂ ಹಾಕಿಕೊಂಡು ದೊಡ್ಡ ಕೂಟದಲ್ಲಿ ನಿಂತರೆ ಅನರ್ಹರಾಗಬಹುದು. ದುಡ್ಡು ಕಡಿಮೆ ಇದ್ದರೆ ಮೊದಲು ದಿನನಿತ್ಯದ ಒಳ್ಳೆಯ ಶೂ ಕೊಳ್ಳಿ. ಸ್ಪೈಕ್ಸ್ ಸೀನಿಯರ್ ಹತ್ತಿರ ಸಿಗುತ್ತದೆ.

ಹಂತ 6: ಮೆಸ್ಸಿನ ಊಟದಲ್ಲೇ ಹೊಟ್ಟೆ ತುಂಬಿಸಿ

ಪ್ರೋಟೀನ್ ಪೌಡರಿನ ಡಬ್ಬಿಗೆ ಮನೆಯವರ ಹತ್ತಿರ ದುಡ್ಡು ಕೇಳುವ ಮೊದಲು ತಟ್ಟೆ ನೋಡಿ. ಹಾಸ್ಟೆಲ್ ಹುಡುಗರ ಮೊದಲ ಕೊರತೆ ಪ್ರೋಟೀನ್ ಅಲ್ಲ. ಅವರು ಒಟ್ಟಾರೆ ಕಡಿಮೆ ತಿನ್ನುತ್ತಾರೆ. ಬೆಳಗ್ಗೆ ಓಡಿ ಬಂದು ಸ್ನಾನ ಮಾಡಿ ಕ್ಲಾಸಿಗೆ ಓಡುತ್ತಾರೆ, ತಿಂಡಿ ಬಿಡುತ್ತಾರೆ. ಮಧ್ಯಾಹ್ನ ಅನ್ನ ಸಾರು. ಸಂಜೆ ಖಾಲಿ ಹೊಟ್ಟೆಯಲ್ಲಿ ಟ್ರ್ಯಾಕು.

ಹೀಗೆ ಮಾಡಿ ನೋಡಿ. ಬೆಳಗ್ಗೆ ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ. ಓಡಿ ಬಂದ ಅರ್ಧ ಮುಕ್ಕಾಲು ಗಂಟೆಯೊಳಗೆ ತಿಂಡಿ. ಮೆಸ್ಸಿನವರಿಗೆ ಹೇಳಿ ಡಬ್ಬಿಯಲ್ಲಿ ಎತ್ತಿಡಿಸಿ. ನಮ್ಮ ಮೆಸ್ಸಿನ ಅಣ್ಣ ಓಟದವರಿಗೆ ಅಂತಲೇ ಉಪ್ಪಿಟ್ಟು ಎತ್ತಿಡುತ್ತಿದ್ದರು. ಆ ಋಣ ದೊಡ್ಡದು. ಹನ್ನೊಂದು ಗಂಟೆಗೆ ಶೇಂಗಾ ಚಿಕ್ಕಿ. ಮಧ್ಯಾಹ್ನ ಮುದ್ದೆ ಅಥವಾ ರೊಟ್ಟಿ, ಜೊತೆಗೆ ಕಾಳಿನ ಸಾರು ಕೇಳಿ ಹಾಕಿಸಿಕೊಳ್ಳಿ. ಟ್ರ್ಯಾಕಿಗೆ ಒಂದೂವರೆ ಗಂಟೆ ಮುಂಚೆ ಅವಲಕ್ಕಿ ಅಥವಾ ಬ್ರೆಡ್. ಮುಗಿದ ಮೇಲೆ ಹಾಲು, ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. 55 ಕಿಲೋ ತೂಕದವರಿಗೆ ದಿನಕ್ಕೆ 80–90 ಗ್ರಾಂ ಇದ್ದರೆ ಒಳ್ಳೆಯದು. ಮೊಟ್ಟೆ ತಿನ್ನದವರು ಸೋಯಾ ಚಂಕ್ಸ್, ಹೆಸರುಕಾಳು, ಹುರುಳಿ, ಮೊಸರಿನಿಂದ ಅದನ್ನು ತುಂಬಿಸಬಹುದು.

ಕಬ್ಬಿಣಾಂಶದ ಬಗ್ಗೆ ಎಚ್ಚರ ಬೇಕು, ಅದರಲ್ಲೂ ಹುಡುಗಿಯರಿಗೆ. ಕಾರಣವಿಲ್ಲದೆ ಟೈಮ್ ಕೆಡುತ್ತಿದ್ದರೆ, ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿದ್ದರೆ, ವರ್ಕೌಟ್ ಹೆಚ್ಚಿಸುವ ಮೊದಲು ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಪರೀಕ್ಷೆ ಮಾಡಿಸಿ. ಊಟದ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಿಕೆಯಾಗುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಂಡರೆ ಚೆನ್ನಾಗಿ ಹೀರಿಕೆಯಾಗುತ್ತದೆ.

ಹುಡುಗಿಯರಿಗೆ ಇನ್ನೊಂದು ಮಾತು. ಮೂರು ತಿಂಗಳು ಮುಟ್ಟು ನಿಂತರೆ "ಟ್ರೇನಿಂಗ್ ಜಾಸ್ತಿ ಆಗಿದೆ, ಅದು ಮಾಮೂಲು" ಅಂತ ಯಾರೇ ಹೇಳಿದರೂ ಒಪ್ಪಬೇಡಿ. ಓಟಕ್ಕೆ ತಕ್ಕಷ್ಟು ಊಟ ಸಾಲುತ್ತಿಲ್ಲ ಅನ್ನುವುದರ ದೊಡ್ಡ ಸೂಚನೆ ಅದು. ಮೂಳೆ ಸವೆಯುತ್ತದೆ. ಅಮ್ಮನಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ತೆಳ್ಳಗಾದರೆ ವೇಗ ಬರುತ್ತದೆ ಅನ್ನುವ ಮಾತು ನನ್ನ ಜೊತೆಯ ಇಬ್ಬರು ಒಳ್ಳೆಯ ಓಟಗಾರ್ತಿಯರನ್ನು ಮೈದಾನದಿಂದಲೇ ದೂರ ಮಾಡಿತು. ಈಗಲೂ ಅದು ನನಗೆ ಸಂಕಟ.

ಹಂತ 7: ನಿದ್ದೆ ಮತ್ತು ಬಿಡುವು

ರಾತ್ರಿ ಎಂಟು ಗಂಟೆ ನಿದ್ದೆ. ಹಾಸ್ಟೆಲಿನಲ್ಲಿ ಇದು ಕಷ್ಟ ಅಂತ ಗೊತ್ತು. ರೂಮ್‌ಮೇಟ್ ಜೊತೆ ಮೊದಲ ವಾರವೇ ಮಾತಾಡಿಕೊಳ್ಳಿ: ಹತ್ತಕ್ಕೆ ಲೈಟ್ ಆಫ್, ಫೋನಿಗೆ ಇಯರ್‌ಫೋನ್. ಆಗದಿದ್ದರೆ ಇನ್ನೊಬ್ಬ ಓಟಗಾರನ ಜೊತೆ ರೂಮ್ ಬದಲಿಸಲು ವಾರ್ಡನ್ನಿಗೆ ಅರ್ಜಿ ಕೊಡಿ. ನಾವು ನಾಲ್ಕು ಜನ ಎರಡನೇ ವರ್ಷ ಹಾಗೇ ಒಂದು ರೂಮಿಗೆ ಬಂದೆವು. ನಮ್ಮೆಲ್ಲರ ಟೈಮ್ ಇಳಿದದ್ದು ಆ ವರ್ಷವೇ.

ಬಿಡುವಿನ ಬೆಲೆ ಗೊತ್ತಾಗಬೇಕಾದರೆ ರೋಜರ್ ಬ್ಯಾನಿಸ್ಟರ್ ಕಥೆ ನೋಡಿ. 1954ರ ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ ಒಂದು ಮೈಲಿಯನ್ನು ಮೊದಲ ಬಾರಿ ನಾಲ್ಕು ನಿಮಿಷದೊಳಗೆ, 3:59.4ರಲ್ಲಿ ಓಡಿದವರು ಅವರು. ಆಗ ಅವರು ಲಂಡನ್ನಿನಲ್ಲಿ ಮೆಡಿಕಲ್ ವಿದ್ಯಾರ್ಥಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಆ ವಸಂತದಲ್ಲಿ ಅವರ ಗುಂಪು ಕಾಲು ಮೈಲಿಯನ್ನು ಹತ್ತು ಸಲ, ನಡುವೆ ಎರಡು ನಿಮಿಷ ಬಿಟ್ಟು ಓಡುತ್ತಿತ್ತು. ಪ್ರತಿ ಸುತ್ತು 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಎಷ್ಟು ಒದ್ದಾಡಿದರೂ ಕೆಳಗೆ ಇಳಿಯಲಿಲ್ಲ. ಆಗ ಅವರು ಓಟ ಬಿಟ್ಟು ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಕೆಲವು ದಿನ ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋದರು. ವಾಪಸ್ ಬಂದು ಓಡಿದಾಗ 59 ಬಂತು. ಓದು, ಆಸ್ಪತ್ರೆ, ಟ್ರ್ಯಾಕ್ ಎಲ್ಲವನ್ನೂ ಹೊತ್ತಿದ್ದ ದೇಹಕ್ಕೆ ಬೇಕಾಗಿದ್ದದ್ದು ಇನ್ನೊಂದು ವರ್ಕೌಟ್ ಆಗಿರಲಿಲ್ಲ.

ನಿಮಗೆ ಸ್ಕಾಟ್ಲೆಂಡ್ ಬೇಡ. ಟೈಮ್ ನಿಂತುಹೋದರೆ ಮೂರು ದಿನ ಊರಿಗೆ ಹೋಗಿ ಮಲಗಿ.

ಹಂತ 8: ನೋವಿನ ಮಾತು ಕೇಳಿ

ಸ್ನಾಯು ನೋವು ಎರಡೂ ಕಾಲಲ್ಲಿ ಇರುತ್ತದೆ, ಓಡುತ್ತಾ ಓಡುತ್ತಾ ಕಡಿಮೆಯಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ. ಅದರ ಜೊತೆ ಬದುಕಬಹುದು. ಮೊಣಕಾಲಿನ ಕೆಳಗಿನ ಮೂಳೆಯ ಒಳ ಅಂಚಿನಲ್ಲಿ ಉದ್ದಕ್ಕೂ ನೋವಿದ್ದರೆ ಅದು ಶಿನ್ ನೋವು. ಕೆಲವು ದಿನ ಓಟ ಇಳಿಸಿ, ಹುಲ್ಲಿಗೆ ಹೋಗಿ, ಶೂ ಸವೆದಿದೆಯಾ ನೋಡಿ. ಆದರೆ ಒಂದೇ ಬೆರಳಿಟ್ಟು ತೋರಿಸುವಷ್ಟು ಚಿಕ್ಕ ಜಾಗದಲ್ಲಿ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ನೋವು ಇದ್ದರೆ ಮೂಳೆ ಬಿರುಕು ಬಿಟ್ಟಿರಬಹುದು. ಅವತ್ತೇ ನಿಲ್ಲಿಸಿ, ಮೂಳೆ ಡಾಕ್ಟರನ್ನು ನೋಡಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಅಂತ ಓಡಲು ಹೋಗಬೇಡಿ.

ನನಗೆ ಇದು ಎರಡನೇ ವರ್ಷ ಆಯಿತು. ಅಂತರ ಕಾಲೇಜು ಕೂಟಕ್ಕೆ ಐದು ವಾರ ಇತ್ತು. ಸ್ಪ್ರೇ ಹೊಡೆದುಕೊಂಡು ಎರಡು ವಾರ ಓಡಿದೆ. ಯಾರಿಗೂ ಹೇಳಲಿಲ್ಲ, ತಂಡದಿಂದ ತೆಗೆಯುತ್ತಾರೆ ಅನ್ನುವ ಭಯ. ಕೊನೆಗೆ ಮೆಟ್ಟಿಲು ಇಳಿಯಲೂ ಆಗಲಿಲ್ಲ. ಎಂಟು ವಾರ ಹೋಯಿತು. ಮೊದಲ ದಿನವೇ ಹೇಳಿದ್ದರೆ ಬಹುಶಃ ಮೂರು ವಾರಕ್ಕೆ ಮುಗಿಯುತ್ತಿತ್ತು. ಆ ಎಂಟು ವಾರ ಈಜುಕೊಳದಲ್ಲಿ, ಸೈಕಲ್ ಮೇಲೆ ಕಳೆದೆ. ಉಸಿರಿನ ಬಲ ಪೂರ್ತಿ ಹೋಗದಂತೆ ಅದು ಕಾಪಾಡಿತು. ನೋವಾದರೆ ಪಿ.ಡಿ. ಸರ್ ಅಥವಾ ಕೋಚಿಗೆ ಅದೇ ದಿನ ಹೇಳಿ.

ಹಂತ 9: ಅಟೆಂಡೆನ್ಸ್, ಕಾಗದ ಪತ್ರ

ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ 75% ಹಾಜರಿ ಬೇಕು. ಕೂಟಗಳಿಗೆ ಹೋದ ದಿನಗಳಿಗೆ ಹೆಚ್ಚಿನ ಕಾಲೇಜುಗಳು ಹಾಜರಿ ಕೊಡುತ್ತವೆ. ಆದರೆ ತಾನಾಗಿ ಕೊಡುವುದಿಲ್ಲ. ಹೋಗುವ ಮೊದಲೇ ಪಿ.ಡಿ. ಸರ್ ಸಹಿ ಇರುವ ಪತ್ರವನ್ನು ಪ್ರಿನ್ಸಿಪಾಲರಿಂದ ಒಪ್ಪಿಸಿ, ಎಲ್ಲ ಲೆಕ್ಚರರ್‌ಗಳ ಕೈಗೂ ಒಂದೊಂದು ಪ್ರತಿ ಕೊಡಿ. ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರದ ಜೆರಾಕ್ಸ್ ಕೊಡಿ. ಸೆಮಿಸ್ಟರ್ ಕೊನೆಯಲ್ಲಿ ಅಳುತ್ತಾ ಹೋಗುವುದಕ್ಕಿಂತ ಶುರುವಿನಲ್ಲಿ ನಗುತ್ತಾ ಹೋಗುವುದು ಒಳ್ಳೆಯದು, ಅಲ್ವಾ? ಲೆಕ್ಚರರ್‌ಗಳು ಓಟದ ವಿರೋಧಿಗಳಲ್ಲ. ಹೇಳದೆ ಮಾಯವಾಗುವವರ ಮೇಲೆ ಅವರಿಗೆ ಸಿಟ್ಟು.

ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇವು ಯಾವಾಗಲೂ ಇರಲಿ: ಹುಟ್ಟಿದ ತಾರೀಕಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾಲೇಜಿನ ಐಡಿ ಕಾರ್ಡ್, ಆಧಾರ್, ಈ ವರ್ಷದ ಫೀಸು ರಸೀದಿ, ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ, ಎಂಟು ಪಾಸ್‌ಪೋರ್ಟ್ ಫೋಟೊ. ಅರ್ಹತಾ ಫಾರಂ ಸಂಜೆ ಐದಕ್ಕೆ ಕೇಳಿ ಬೆಳಗ್ಗೆ ಹತ್ತಕ್ಕೆ ಬೇಕು ಅನ್ನುತ್ತಾರೆ. ಗೆದ್ದ ಪ್ರಮಾಣಪತ್ರಗಳನ್ನು ಜೋಪಾನ ಮಾಡಿ. ಸೇನೆ, ರೈಲ್ವೆ ಮೊದಲಾದ ಕಡೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವಾಗ ಕೇಳುವುದು ಅವನ್ನೇ.

ಹಂತ 10: ಔಷಧದ ವಿಷಯದಲ್ಲಿ ರಾಜಿ ಬೇಡ

ದೊಡ್ಡ ಕೂಟಗಳಲ್ಲಿ ಡ್ರೆಸ್ಸಿಂಗ್ ರೂಮಿನಲ್ಲಿ ಯಾರೋ "ಇದು ಬರೀ ವಿಟಮಿನ್" ಅಂತ ಇಂಜೆಕ್ಷನ್ ತೋರಿಸಬಹುದು. ಎದ್ದು ಹೊರಗೆ ಬನ್ನಿ. ಉದ್ದೇಶಪೂರ್ವಕ ಡೋಪಿಂಗಿಗೆ ಮೊದಲ ಸಲವೇ ನಾಲ್ಕು ವರ್ಷ ನಿಷೇಧ ಬೀಳುತ್ತದೆ. ಕಾಲೇಜಿನ ಓಟ ಅಲ್ಲಿಗೆ ಮುಗಿಯಿತು. ದೇಹಕ್ಕೆ ಆಗುವ ಹಾನಿ ಬೇರೆ. ತಿಳಿಯದೇ ತಪ್ಪು ಆಗುವುದೂ ಉಂಟು. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ಹೊತ್ತಿಗೆ ಮೂತ್ರದಲ್ಲಿ ಮಿತಿ ಮೀರಿದ್ದರೆ ಅದೂ ಡೋಪಿಂಗೇ. ಯಾವ ಡಾಕ್ಟರ್ ಹತ್ತಿರ ಹೋದರೂ "ನಾನು ಅಥ್ಲೀಟ್" ಅಂತ ಮೊದಲು ಹೇಳಿ. ಬರೆದುಕೊಟ್ಟ ಔಷಧದ ಹೆಸರನ್ನು ನಾಡಾದ (ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿ ನೋಡಿ. ಹೆಸರಿಲ್ಲದ ಡಬ್ಬಿಯ ಪುಡಿ, ಲೇಹ್ಯ ಮುಟ್ಟಬೇಡಿ.

ಹಂತ 11: ರೇಸಿನ ದಿನ

ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ಓಡಬೇಡಿ. ಕನಿಷ್ಠ ಒಂದು ದಿನ ಮುಂಚೆ ತಲುಪಲು ಕೇಳಿಕೊಳ್ಳಿ. ಸ್ಪೈಕ್ಸ್, ಜೆರ್ಸಿ, ಪಿನ್ನು ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನಲ್ಲಿ ಬೇಡ. ರೇಸಿಗೆ ಮೂರು ಗಂಟೆ ಮುಂಚೆ ಇಡ್ಲಿ, ಸ್ವಲ್ಪ ಸಾಂಬಾರು. ಹೊಸ ಊರಿನ ಹೊಸ ತಿಂಡಿ ಗೆದ್ದ ಮೇಲೆ ತಿನ್ನಿ.

ಐವತ್ತು ನಿಮಿಷ ಇರುವಾಗ ವಾರ್ಮಪ್ ಶುರು. ಕಾಲ್ ರೂಮಿನಲ್ಲಿ (ರೇಸಿಗೆ ಮುಂಚೆ ಓಟಗಾರರನ್ನು ಸೇರಿಸುವ ಕೋಣೆ) ಎದೆಯ ಮೇಲಿನ ನಂಬರು, ಸ್ಪೈಕ್ಸ್ ನೋಡುತ್ತಾರೆ. ಅಲ್ಲಿ ಕೂರಿಸಿಬಿಡುತ್ತಾರೆ, ಮೈ ತಣ್ಣಗಾಗುತ್ತದೆ. ನಿಂತೇ ಕಾಲು ಆಡಿಸುತ್ತಿರಿ. ನಮ್ಮ ಓಟಗಳಿಗೆ "ಆನ್ ಯುವರ್ ಮಾರ್ಕ್ಸ್" ಆದ ಮೇಲೆ ನೇರ ಗುಂಡು. ಸ್ಪ್ರಿಂಟಿನವರಿಗಿರುವ "ಸೆಟ್" ಇಲ್ಲ.

ಹೀಟ್ಸಿನಲ್ಲಿ (ಫೈನಲಿಗೆ ಮುಂಚಿನ ಸುತ್ತು) ಎಷ್ಟು ಜನ ಸ್ಥಾನದ ಮೇಲೆ, ಎಷ್ಟು ಜನ ಟೈಮಿನ ಮೇಲೆ ಮುಂದೆ ಹೋಗುತ್ತಾರೆ ಅಂತ ಮೊದಲೇ ಕೇಳಿ. ಫಲಿತಾಂಶದ ಹಾಳೆಯಲ್ಲಿ ದೊಡ್ಡ Q ಅಕ್ಷರ ಅಂದರೆ ಸ್ಥಾನದ ಮೇಲೆ, ಸಣ್ಣ q ಅಂದರೆ ಟೈಮಿನ ಮೇಲೆ. ದೊಡ್ಡ Q ಸಿಗುವ ಜಾಗದಲ್ಲಿದ್ದರೆ ಸುಮ್ನೆ ಕೊನೆಯ ಐವತ್ತು ಮೀಟರಿನಲ್ಲಿ ಮೈ ಸುಟ್ಟುಕೊಳ್ಳಬೇಡಿ. ಫೈನಲ್ ನಾಳೆ ಇದೆ.

800ರಲ್ಲಿ ಒಳಗೆ ಬರುವಾಗ ಒಮ್ಮೆಲೇ ಒಂದನೇ ಲೇನಿಗೆ ನುಗ್ಗಬೇಡಿ. ಹಿಂಬದಿಯ ನೇರ ದಾರಿಯ ಕೊನೆಯವರೆಗೆ ನಿಧಾನವಾಗಿ ಓರೆಯಾಗಿ ಬನ್ನಿ, ದೂರ ಉಳಿಯುತ್ತದೆ. ಮೊದಲ ಲ್ಯಾಪು ಎರಡನೆಯದಕ್ಕಿಂತ ಒಂದೆರಡು ಸೆಕೆಂಡ್ ವೇಗವಾಗಿದ್ದರೆ ಸರಿ. 2:05ಕ್ಕೆ 61.5 ಮತ್ತು 63.5. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಡೇವಿಡ್ ರುಡಿಶಾ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ ಲ್ಯಾಪು 49.28, ಅಂದರೆ ಎರಡನೆಯದು 51.63. ನಮ್ಮ ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲಿನಲ್ಲಿ ಮೊದಲ ಲ್ಯಾಪನ್ನು 50.85ರಲ್ಲಿ ಮುಂದೆ ನಿಂತು ಓಡಿದರು. ಗೆದ್ದ ಕ್ಯೂಬಾದ ಹುವಾಂಟೊರೆನಾ 1:43.50ರ ವಿಶ್ವದಾಖಲೆ ಮಾಡಿದರು. ಶ್ರೀರಾಮ್ ಸಿಂಗ್ 1:45.77ರಲ್ಲಿ ಏಳನೆಯವರಾದರು. ಆ ಟೈಮನ್ನು ಭಾರತದಲ್ಲಿ ಮುರಿಯಲು 42 ವರ್ಷ ಬೇಕಾಯಿತು. 2018ರಲ್ಲಿ ಗುವಾಹಟಿಯಲ್ಲಿ ಜಿನ್ಸನ್ ಜಾನ್ಸನ್ 1:45.65 ಓಡಿದರು. ಆ ಫೈನಲಿನ ಧೈರ್ಯವನ್ನು ಮೆಚ್ಚಿ. ಆದರೆ ನಿಮ್ಮ ಮೊದಲ ಲ್ಯಾಪನ್ನು ನಿಮ್ಮ ವಾಚಿಗೆ ಓಡಿ.

ತಿರುವಿನಲ್ಲಿ ಹಿಂದಿಕ್ಕಲು ಹೋಗುವವರಿಗೆ ಒಂದು ಲೆಕ್ಕ. ಒಂದು ಮೀಟರ್ ಹೊರಗೆ ಓಡಿದರೆ ಪ್ರತಿ ತಿರುವಿಗೆ 3.14 ಮೀಟರ್ ಹೆಚ್ಚು ಓಡುತ್ತೀರಿ. ಆದ್ದರಿಂದ ತಿರುವಿನಲ್ಲಿ ಹಿಂದೆ ಅಂಟಿಕೊಂಡಿರಿ, ನೇರ ದಾರಿಯಲ್ಲಿ ದಾಟಿ. 800 ಕೈತಪ್ಪುವುದು 400ರಿಂದ 600ರ ನಡುವೆ. ಗಂಟೆ ಹೊಡೆದ ಮೇಲೆ ಎಲ್ಲರೂ ಕೊನೆಯ ಓಟಕ್ಕೆ ಶಕ್ತಿ ಉಳಿಸುತ್ತಾರೆ, ವೇಗ ತಾನಾಗಿ ಬೀಳುತ್ತದೆ. ಅಲ್ಲಿ ಜೋರಾಗುತ್ತಿದ್ದೇನೆ ಅನ್ನಿಸಬೇಕು. ಆಗ ಮಾತ್ರ ಅದೇ ವೇಗ ಉಳಿದಿರುತ್ತದೆ.

1500ರಲ್ಲಿ ಮೂರನೇ ಅಥವಾ ನಾಲ್ಕನೇ ಜಾಗದಲ್ಲಿ, ಮುಂದಿನವರ ಬಲ ಭುಜದ ಹಿಂದೆ ಇರಿ. ಪೂರ್ತಿ ಒಳಗೆ ಇದ್ದರೆ ಸುತ್ತ ಗೋಡೆ ಕಟ್ಟುತ್ತಾರೆ, ಹೊರಬರಲು ಆಗುವುದಿಲ್ಲ. 4:15 ಗುರಿ ಇದ್ದರೆ ಲ್ಯಾಪಿಗೆ 68. ಮೊದಲ 300ಕ್ಕೆ 51, ಗಂಟೆ ಹೊಡೆಯುವಾಗ 3:07. ಎಂಟುನೂರರಿಂದ ಸಾವಿರದ ನಡುವೆ ಮನಸ್ಸು ಅಲೆಯುತ್ತದೆ. ಆಗ ಮುಂದಿನವರ ಜೆರ್ಸಿಯ ನಂಬರನ್ನು ನೋಡುತ್ತಾ ಓಡಿ. ಕೊನೆಯ 300ಕ್ಕೆ ಯಾರಾದರೂ ಕಿತ್ತುಕೊಂಡು ಹೋದರೆ ಎರಡೇ ಹೆಜ್ಜೆಯಲ್ಲಿ ಅವರ ಬೆನ್ನು ಹತ್ತಿ. ಹತ್ತು ಮೀಟರ್ ಬಿಟ್ಟು ಆಮೇಲೆ ಹಿಡಿಯುತ್ತೇನೆ ಅಂದರೆ ಆಗುವುದಿಲ್ಲ.

ಹಂತ 12: ಮುಗಿದ ಮೇಲೆ

ಗೆದ್ದರೂ ಸೋತರೂ ಹತ್ತು ನಿಮಿಷ ಜಾಗ್ ಮಾಡಿ, ಬಟ್ಟೆ ಬದಲಿಸಿ, ಏನಾದರೂ ತಿನ್ನಿ. ಅದೇ ರಾತ್ರಿ ಡೈರಿಯಲ್ಲಿ ಐದು ಸಾಲು ಬರೆಯಿರಿ: ಲ್ಯಾಪುಗಳ ಟೈಮ್, ಯಾವ ಜಾಗದಲ್ಲಿದ್ದೆ, ಎಲ್ಲಿ ಕಷ್ಟವಾಯಿತು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಆ ವಾರ ಕಾಲೇಜಿನಲ್ಲಿ ಏನಿತ್ತು. ಕೊನೆಯ ಎರಡು ಸಾಲು ಬಿಡಬೇಡಿ. ನನ್ನ ಹಳೇ ಡೈರಿ ತೆಗೆದು ನೋಡಿದರೆ, ಕೆಟ್ಟ ರೇಸುಗಳ ಹಿಂದೆ ಬಹುತೇಕ ಪ್ರತಿ ಸಲ ಆರು ಗಂಟೆಗಿಂತ ಕಡಿಮೆ ನಿದ್ದೆ ಅಥವಾ ಒಂದು ಇಂಟರ್ನಲ್ಸ್ ಇದೆ.

ಸೀಸನ್ ಮುಗಿದ ಮೇಲೆ ಎರಡು ವಾರ ಓಡಬೇಡಿ. ಗೆಳೆಯರ ಜೊತೆ ವಾಲಿಬಾಲ್ ಆಡಿ, ಊರಿಗೆ ಹೋಗಿ, ಬಾಕಿ ಉಳಿದ ಲ್ಯಾಬ್ ರೆಕಾರ್ಡ್ ಬರೆದು ಮುಗಿಸಿ. ಮೂರನೇ ವಾರದ ಸೋಮವಾರ ಬೆಳಗ್ಗೆ ಹಳೇ ಶೂ ಕಟ್ಟಿಕೊಂಡು ಇಪ್ಪತ್ತು ನಿಮಿಷ, ವಾಚ್ ಇಲ್ಲದೆ, ಕೆರೆ ಏರಿ ಮೇಲೆ ಓಡಿ ಬನ್ನಿ.